ಮೀನಿಗೆ ಇಟ್ಟ ಐಸು

ಅಂಬಲಿಯ ಮಡಕೆ ಇಳಿಸಿ ಅಕ್ಕಯಮ್ಮ ಮೂರು ಬಟ್ಟಲು ಜೋಡಿಸಿದಳು. ಒಂದು ಮೈದುನ ಶ್ಯಾಮಣ್ಣನಿಗೆ, ಒಂದು ತನಗೆ. ಮೂರನೆಯದನ್ನು ಜಗಲಿಯ ಮೇಲೆ ಬಲೆ ಬಿಡಿಸುತ್ತ ಕೂತಿದ್ದ ಗಂಡ ಪಾಪಯ್ಯನ ಮೊಣಕಾಲ ಪಕ್ಕಕ್ಕೆ ಸರಿಸಿದಳು.

"ಎತ್ತಮ್ಮಿ ಅದ್ನ ಆ ಕಡೆಗೆ," ಅಂದ ಪಾಪಯ್ಯ. "ಇವತ್ತು ಬಾಯಿಕಟ್ಟು ಅಂತ ಗೊತ್ತಿಲ್ವಾ?"

"ನಂಗೆ ಗೊತ್ತೈತೆ. ಕೈಗೆ ಗೊತ್ತಿಲ್ಲ. ಇಪ್ಪತ್ತೈದು ವರ್ಸದಿಂದ ನಿಂಗೆ ಇಕ್ಕಿ ಇಕ್ಕಿ ಅದ್ಕೆ ಅದೇ ರೂಢಿ."

ಉದ್ದನಪಲ್ಲಿಯಿಂದ ಎರಡು ಮೈಲಿ ಒಳಗಿನ ಆ ಊರಿನ ಬೆಸ್ತರಿಗೆ ಕೆರೆಯಿಳಿಯುವ ದಿನವೆಂದರೆ ಬಾಯಿಕಟ್ಟಿನ ದಿನ. ಬೇಸಿಗೆಯಲ್ಲಿ ಕೆರೆಯ ನೀರು ಸೊಂಟದ ಮಟ್ಟಕ್ಕೆ ಇಳಿದಾಗ ಕೇರಿಯವರೆಲ್ಲ ಸೇರಿ ಮೀನು ಹಿಡಿಯುತ್ತಾರೆ. ಬಲೆ ಹಿಡಿಯುವವನು ಆ ದಿನ ಎದ್ದ ಗಳಿಗೆಯಿಂದ, ಮೊದಲ ಮೀನನ್ನು ಏರಿಯ ಮೇಲಿನ ಕೆರೆಯಮ್ಮನ ಮುಂದೆ ಇಡುವವರೆಗೆ, ಕೂಳು ಹಾಗಿರಲಿ, ಒಂದು ಹನಿ ನೀರನ್ನೂ ಬಾಯಿಗೆ ಬಿಡುವಂತಿಲ್ಲ. ಅವನು ಬಾಯಿ ತೆರೆದರೆ ಬಲೆಯೂ ಬಾಯಿ ತೆರೆಯುತ್ತದೆ, ಮೀನು ನುಸುಳಿಕೊಳ್ಳುತ್ತದೆ ಎಂಬ ನಂಬಿಕೆ. ಪಾಪಯ್ಯ ಬಲೆಯ ಯಜಮಾನ. ಅವನಿಗೆ ಮುಂಚೆ ಅವನಪ್ಪ ಯಜಮಾನನಾಗಿದ್ದ. ಈಗ ಪಾಪಯ್ಯ ಹಗ್ಗಕ್ಕೆ ಕೈಯಿಡದೆ ಯಾರೂ ಕೈಯಿಡುವುದಿಲ್ಲ. ಅವನು ಕುಡಿಯದೆ ಯಾರೂ ಕುಡಿಯುವುದಿಲ್ಲ.

"ಅಣ್ಣ, ನೀರಾದ್ರೂ ಕುಡಿ," ಅಂದ ಶ್ಯಾಮಣ್ಣ. ಹೊಸೂರಿನ ಒಂದು ಫೌಂಡ್ರಿಯಲ್ಲಿ ಅವನಿಗೆ ಕೆಲಸ. ವಾರದ ರಜೆಗೆ ಊರಿಗೆ ಬಂದವನು ಇವತ್ತಿನ ಎರಡನೇ ಶಿಫ್ಟಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ. "ನೀನು ಎದ್ದು ಆಗ್ಲೇ ಮೂರು ಗಂಟೆ ಆಯ್ತು. ಕಂಟ್ರಾಕ್ಟ್ರ ಲಾರಿ ಬರೋದು ಹನ್ನೊಂದಕ್ಕೆ. ಆಮೇಲೆ ಇಳ್ದು, ಆ ಉದ್ದದ ಬಲೆ ದಡಕ್ಕೆ ಬರೋ ಹೊತ್ಗೆ ಮೂರು ಹೊಡೀತದೆ. ಅಲ್ಲೀವರ್ಗೂ ಒಣಗ್ತೀಯಾ?"

"ಮೋಡ ನೋಡ್ಲಾ. ಬಿಸ್ಲೆಲ್ಲೈತೆ? ತಾಯಿ ಕೊಡೆ ಹಿಡ್ದವ್ಳೆ."

ಮೋಡವೇನೋ ಇತ್ತು. ಎಂಬತ್ತಮೂರನೇ ಇಸವಿಯ ಮೇ ತಿಂಗಳ ಕೊನೆ. ನಾಲ್ಕು ದಿನದಿಂದ ಮಳೆ ಬರುತ್ತೇನೆಂದು ಆಸೆ ತೋರಿಸಿ ಮೋಡ ತಲೆಯ ಮೇಲೆ ನಿಂತುಬಿಟ್ಟಿತ್ತು. ಬೇವಿನ ಒಂದೆಲೆ ಅಲುಗುತ್ತಿರಲಿಲ್ಲ. ಕೂತಲ್ಲೇ ಬೆವರು ಇಳಿಯುತ್ತಿತ್ತು. ಒರೆಸಿದರೆ ಅಷ್ಟೇ ಬೇಗ ಮತ್ತೆ ಅಂಟುತ್ತಿತ್ತು.

"ಬಿಸ್ಲೇ ವಾಸಿ ಕಣಣ್ಣ," ಅಂದ ಶ್ಯಾಮಣ್ಣ. "ನಮ್ಮ ಫೌಂಡ್ರೀಲಿ ಬಿಸ್ಲು ಬೀಳಲ್ಲ, ಸೂರೈತೆ. ಆದ್ರೂ ಹೋದ ವರ್ಸ ಫರ್ನೇಸ್ ಮುಂದೆ ಒಬ್ಬ ಬಿದ್ದ. ಬೆವ್ರು ಸುರಿದ್ರೆ ಸಾಲ್ದು, ಅದು ಆರ್ಬೇಕು. ಗಾಳಿ ಇಲ್ದೆ ಆರ್ದೇ ಇದ್ರೆ ಮೈ ಒಳ್ಗೊಳ್ಗೇ ಬೇಯ್ತದೆ."

"ನಿಮ್ದು ಕಬ್ಣ ಕಾಸೋ ಕೆಲ್ಸ. ನಮ್ದು ನೀರಾಗೆ ನಿಲ್ಲೋ ಕೆಲ್ಸ. ನೀರಾಗಿರೋನ್ಗೆ ಸೆಕೆ ಹೊಡೀತದೇನ್ಲಾ? ಎಮ್ಮೆ ಕೇಳಿದ್ರೆ ನಗ್ತದೆ."

"ಎಮ್ಮೆ ನೀರಾಗೆ ಮಲಗ್ತದಣ್ಣ, ಬಲೆ ಎಳೆಯಲ್ಲ."

"ಬಾಯಿಕಟ್ಟೂ ಮಾಡಲ್ಲ," ಅಂದಳು ಅಕ್ಕಯಮ್ಮ.

ಪಾಪಯ್ಯನಿಗೂ ನಗು ಬಂತು. ಆದರೆ ಬಟ್ಟಲು ಮಾತ್ರ ಹಾಗೇ ಇತ್ತು.

ಅಕ್ಕಯಮ್ಮ ಮೈದುನನ ಕಡೆಗೆ ತಿರುಗಿದಳು. "ಆ ಬಿದ್ದೋನು ಹೆಂಗೆ ಬಿದ್ದ?"

"ಮೊದ್ಲು ತಲೆನೋವು ಅಂದ. ಮೀನಖಂಡ ಹಿಡ್ಕಂತು, ವಾಂತಿ ಮಾಡ್ದ. ಆಮೇಲೆ ಅತ್ಗೆ, ಕುಡಿದೋನಂಗೆ ತೂರಾಡ್ದ. ಸುಮ್ಸುಮ್ನೆ ನಕ್ಕ. ಏನೇನೋ ಮಾತಾಡ್ದ. ಮುಟ್ಟಿದ್ರೆ ಮೈ ಕಾದ ಹೆಂಚು, ಬೆವರೇ ಇಲ್ಲ."

ಅಕ್ಕಯಮ್ಮನ ಕೈಯ ಸೌಟು ಮಡಕೆಯ ಮೇಲೆಯೇ ನಿಂತಿತು. ಎರಡು ಬೇಸಿಗೆಯ ಹಿಂದೆ, ಇದೇ ಕೆರೆಯ ದಡದಲ್ಲಿ, ಅವಳ ತಮ್ಮ ಲಕ್ಷ್ಮಣಪ್ಪ ಹೀಗೇ ನಕ್ಕಿದ್ದ. ಹೀಗೇ ತೂರಾಡಿದ್ದ. ತಾಯಿ ಮೈಮೇಲೆ ಬಂದಿದ್ದಾಳೆಂದು ಜನ ಅವನ ಹಣೆಗೆ ಅರಿಶಿನ ಬಳಿದು, ಸುತ್ತ ಕರ್ಪೂರ ಹಚ್ಚಿ ಕೈಮುಗಿದಿದ್ದರು. ಅಕ್ಕಯಮ್ಮನೂ ಕೈಮುಗಿದಿದ್ದಳು. ಸಂಜೆಯೊಳಗೆ ಅವನು ಹೋಗಿಬಿಟ್ಟ. ತಾಯಿ ಕರೆದುಕೊಂಡಳೆಂದು ಏರಿಯ ಮೇಲೆ ಅವನ ಹೆಸರಿಗೊಂದು ಕಲ್ಲು ನೆಟ್ಟರು.

"ಲಕ್ಷ್ಮಣನ್ಗೂ ಇದೇ ಆಗಿದ್ದು," ಅಂದಳು.

ಪಾಪಯ್ಯ ಬಲೆ ಕೆಳಗಿಟ್ಟ. "ಆ ಮಾತು ಬ್ಯಾಡ. ತಾಯಿ ಬಂದಿದ್ಳು ಅವ್ನ ಮೇಲೆ. ಕಾಯ್ಲೆ ಅಂತ ಅಂದ್ರೆ ಅವ್ನ ಕಲ್ಲಿಗೆ ಅವಮಾನ."

 ಅಕ್ಕಯಮ್ಮ ಶ್ಯಾಮಣ್ಣನನ್ನೇ ಕೇಳಿದಳು: "ನೀವೇನ್ ಮಾಡಿದ್ರಿ ಅವ್ನಿಗೆ?"

"ಕಂಪೌಂಡ್ರು ಓಡಿ ಬಂದ್ರು. ನೆರಳಿಗೆ ಎಳ್ದು, ಬಟ್ಟೆ ಸಡ್ಲಿಸಿ, ಮೈಮೇಲೆ ತಣ್ಣೀರು ಸುರ್ದು ಬೀಸಣಿಗೆ ಹಾಕಿದ್ರು. ಕತ್ತು, ಕಂಕುಳು, ತೊಡೆಸಂದಿಗೆ ಐಸು. ಜ್ಞಾನ ಇಲ್ದೋನ ಬಾಯಿಗೆ ಮಾತ್ರ ನೀರು ಬಿಡಬ್ಯಾಡಿ, ಉಸ್ರಿಗೆ ಸಿಕ್ಕಂಡ್ ಸಾಯ್ತಾನೆ ಅಂದ್ರು. ಬದುಕ್ಕಂಡ. ಅದಾದ್ಮೇಲೆ ನಾವು ಹನ್ನೊಂದು ದಿವ್ಸ ಗೇಟ್ ಮುಂದೆ ಕೂತು ಫ್ಯಾನು, ಉಪ್ಪು-ನಿಂಬೆಹಣ್ಣಿನ ನೀರು, ಗಂಟೆಗೊಂದ್ಸಲ ಬಿಡುವು, ಎಲ್ಲಾ ಈಸ್ಕಂಡ್ವಿ. ಸುಮ್ನೆ ಯಾವನೂ ಕೊಡ್ಲಿಲ್ಲ ಅತ್ಗೆ."

ಬಸ್ಸಿನ ಹೊತ್ತಾಯಿತೆಂದು ಶ್ಯಾಮಣ್ಣ ಹೊರಟುಹೋದ. ಪಾಪಯ್ಯ ಎದ್ದು ಬಲೆಯನ್ನು ಹೆಗಲಿಗೆ ಏರಿಸಿದ.

ಗುತ್ತಿಗೆದಾರ ಲಕ್ಷ್ಮೀಪತಿಯ ಲಾರಿ ಹನ್ನೊಂದಕ್ಕೆ ಸರಿಯಾಗಿ ಏರಿಯ ಮೇಲೆ ಬಂದು ನಿಂತಿತು. ಹಿಂದುಗಡೆ ಮರದ ಹೊಟ್ಟಿನಲ್ಲಿ ಹೂತು, ಗೋಣಿತಾಟು ಮುಚ್ಚಿದ ಐಸಿನ ದಿಮ್ಮಿಗಳು. ಮೂರು ವರ್ಷದಿಂದ ಕೆರೆಯ ಮೀನಿನ ಗುತ್ತಿಗೆ ಅವನದು. ಗುತ್ತಿಗೆಯ ಜೊತೆಗೆ ಅವನು ಎರಡು ಹೊಸದನ್ನು ತಂದಿದ್ದ. ಒಂದು, ಕೆರೆಯ ಈ ದಡದಿಂದ ಆ ದಡಕ್ಕೆ ಮುಟ್ಟುವ ನೈಲಾನಿನ ಎಳೆಬಲೆ. ಇನ್ನೊಂದು, ಮಧ್ಯಾಹ್ನ. ಸಂಜೆ ಮೀನು ತುಂಬಿ ಹೊರಟರೆ ಬೆಳಗಿನ ಬೆಂಗಳೂರು ಮಾರ್ಕೆಟ್ಟಿಗೆ ಮಾಲು ತಾಜಾ ಮುಟ್ಟುತ್ತದೆಂಬುದು ಅವನ ಲೆಕ್ಕ. ಮೀನು ಬಾಡದಂತೆ ನೋಡಿಕೊಳ್ಳಲು ಅವನು ಹೊಸೂರಿನಿಂದ ಐಸು ತರಿಸುತ್ತಿದ್ದ. ಮನುಷ್ಯರು ಬಾಡಬಾರದೆಂಬ ಯೋಚನೆ ಯಾರಿಗೂ ಬಂದಿರಲಿಲ್ಲ. ಅವನಿಗಷ್ಟೇ ಅಲ್ಲ, ಬಾಡುತ್ತಿದ್ದವರಿಗೂ.

ಇಪ್ಪತ್ತೆರಡು ಜನ ನೀರಿಗಿಳಿದರು. ಬಿಸಿಯಾದ ಕೆಸರು ನೀರು. ಕಾಲಿಗೆ ತಂಪೆನಿಸುವ ಬದಲು ಒಲೆಯ ಮೇಲಿಟ್ಟ ಹಂಡೆಗೆ ಇಳಿದಂತಾಗುತ್ತಿತ್ತು. ಹಗ್ಗವನ್ನು ಬೆನ್ನಿಗೆ ಹಾಕಿಕೊಂಡು, ಮೊಣಕಾಲುದ್ದದ ಕೆಸರಿನಿಂದ ಒಂದೊಂದೇ ಹೆಜ್ಜೆ ಕಿತ್ತು ಎಳೆಯಬೇಕು. ಏರಿಯ ಮೇಲೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತರು. ಕೆರೆಯಮ್ಮನ ದೀಪ ನೋಡಿಕೊಳ್ಳುವ ಮುದುಕಿ ಅಂಜಿನಮ್ಮ ಗುಡಿಯ ಮುಂದೆ ಬಾಳೆಯೆಲೆ ಹಾಸಿ ಮೊದಲ ಮೀನಿಗೆ ಕಾದಳು.

ಒಂದೂವರೆ ಗಂಟೆಯ ಹೊತ್ತಿಗೆ ಪಾಪಯ್ಯನ ಕೂಗು ನಿಂತಿತು. ಅವನು "ಐಸಾ" ಅಂದರೆ ಎಲ್ಲರೂ ಒಟ್ಟಿಗೆ ಎಳೆಯಬೇಕು. ಈಗ ಎರಡು ಎಳೆತದ ನಡುವೆ ಸದ್ದೇ ಇಲ್ಲ. ಅಕ್ಕಯಮ್ಮ ಎದ್ದು ನಿಂತು ನೋಡಿದಳು. ಅವನು ಹಗ್ಗ ಬಿಟ್ಟು ದಡದ ಕಡೆಗೆ ಬರುತ್ತಿದ್ದ. ಕಾಲು ಒಂದು ಕಡೆ, ಮೈ ಒಂದು ಕಡೆ. ದಡಕ್ಕೆ ಬಂದವನು ಆಕಾಶ ನೋಡಿ ನಕ್ಕ. ಹಲ್ಲೆಲ್ಲ ಕಾಣುವಂಥ ನಗು.

"ಯಾರ್ಲಾ ಅದು... ದೀಪ ಆರ್ಸಿದೋರು... ನಮ್ಮಪ್ಪ ಬತ್ತಾವ್ನೆ, ದಾರಿ ಬಿಡಿ..." ಅಂದ. ಮೊಣಕಾಲೂರಿ ಬಿದ್ದ.

"ತಾಯೀ! ಬಂದವ್ಳೆ ತಾಯಿ!" ಯಾರೋ ಕೂಗಿದರು. ಹೆಂಗಸರು ಎದ್ದರು. ನೀರಿನಲ್ಲಿದ್ದವರು ಹಗ್ಗವನ್ನು ಕೆಸರಿಗೆ ತುಳಿದು ಓಡಿ ಬಂದರು. ಅಂಜಿನಮ್ಮ ಅರಿಶಿನದ ತಟ್ಟೆ, ಕರ್ಪೂರ ಹಿಡಿದುಕೊಂಡು ಗುಡಿಯಿಂದ ಇಳಿದಳು. ಕ್ಷಣದಲ್ಲಿ ಪಾಪಯ್ಯನ ಸುತ್ತ ಮೂವತ್ತು ಜನರ ಗೋಡೆ. ಇದ್ದ ಅಷ್ಟಿಷ್ಟು ಗಾಳಿಗೂ ದಾರಿಯಿಲ್ಲ.

ಅಕ್ಕಯಮ್ಮ ಜನರನ್ನು ಸೀಳಿಕೊಂಡು ಒಳಗೆ ನುಗ್ಗಿದಳು. ಅವನ ಹಣೆ ಮುಟ್ಟಿದಳು. ಹೆಂಚು. ಕಂಕುಳಿಗೆ ಕೈಯಿಟ್ಟಳು. ಒಂದು ಹನಿ ಬೆವರಿಲ್ಲ. ಎರಡು ವರ್ಷದ ಹಿಂದೆ ಇಂಥದೇ ಮೈಯನ್ನು ಮುಟ್ಟಿದ್ದೆ ಅನಿಸಿತು ಅವಳಿಗೆ. ಆಗ ಕೈಮುಗಿದಿದ್ದೆ.

"ನಡೀರಿ ದೂರ! ಇದು ತಾಯಿಯಲ್ಲ, ಸೆಕೆ! ಎತ್ರಿ, ಆ ಹೊಂಗೆ ಮರದ ಕೆಳಕ್ಕೆ ಎತ್ರಿ, ಮೈಗೆ ನೀರು ಸುರೀರಿ!"

ಯಾರೂ ಅಲುಗಲಿಲ್ಲ. ಅಂಜಿನಮ್ಮ ಕರ್ಪೂರದ ತಟ್ಟೆಯನ್ನು ಎದೆಗೆ ಹಿಡಿದುಕೊಂಡಳು. "ಅಕ್ಕಯ್ಯಾ, ಬಾಯಿ ಸಂಬಾಳ್ಸು. ದೇವ್ರು ಬಂದಿರೋ ಮೈಗೆ ನೀರು ಸೋಕಿಸಿದ್ರೆ ತಾಯಿ ಸಿಟ್ಟಾಗ್ತಾಳೆ. ನಿನ್ನ ಗಂಡನ್ನೇ ತಗತಾಳೆ."

"ಸೋಕಿಸ್ದೆ ಇದ್ದಾಗ ನನ್ನ ತಮ್ಮನ್ನ ಬಿಟ್ಳಾ ಅಜ್ಜೀ?" ಅಂದಳು ಅಕ್ಕಯಮ್ಮ, ದನಿ ತಗ್ಗಿಸದೆ. "ಲಕ್ಷ್ಮಣ ನಾಲ್ಕು ಸಲ ನೀರು ಕೇಳ್ದ. ನಾನು ಎಣ್ಸೀನಿ. ನಾವು ಕರ್ಪೂರ ಕೊಟ್ವಿ. ತಾಯೇ ಬಂದಿದ್ರೂ ಇರ್ಲಿ, ತಾಯಿಗೆ ಸೆಕೆ ಆಗಲ್ವಾ? ಮಂಗಳವಾರ ಮಂಗಳವಾರ ಕೆರೆಯಮ್ಮನ ಕಲ್ಲಿಗೆ ನೂರೊಂದು ಕೊಡ ತಣ್ಣೀರು ಹುಯ್ತೀಯಲ್ಲ, ಇವತ್ತು ಈ ಮೈಗೆ ಹುಯ್ಯಿ. ತಾಯಿ ಬ್ಯಾಡ ಅಂದ್ರೆ ನನ್ನ ತಗಳ್ಲಿ!"

 ಕರ್ಪೂರ ಇನ್ನೂ ಹಚ್ಚಿರಲಿಲ್ಲ. ಅಂಜಿನಮ್ಮ ಪಾಪಯ್ಯನ ಮುಖ ನೋಡಿದಳು, ಅಕ್ಕಯಮ್ಮನ ಮುಖ ನೋಡಿದಳು. ತಟ್ಟೆಯನ್ನು ನೆಲಕ್ಕಿಟ್ಟು, ಸುತ್ತ ನಿಂತ ಗಂಡಸರಿಗೆ ಗದರಿದಳು: "ಏನ್ ನೋಡ್ತೀರಲಾ ಬಾಯ್ಬಿಟ್ಕಂಡು? ಎತ್ರಿ ಮರದ ಕೆಳಕ್ಕೆ! ಕೊಡ ತತ್ತಾ, ಚೆಲುವಿ!"

ನೆರೆಮನೆಯ ಚೆಲುವಮ್ಮ ಕೊಡ ತಂದಳು. ಒಂದಲ್ಲ, ಮೂರು, ನಾಲ್ಕು. ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಡಗಳು ಮರದ ಕೆಳಕ್ಕೆ ಬಂದವು. ಅಕ್ಕಯಮ್ಮ ಗಂಡನ ಪಂಚೆ ಸಡಿಲಿಸಿ, ತನ್ನ ಸೆರಗನ್ನು ನೆನೆಸಿ ಎದೆಗೆ ಹಾಸಿದಳು. ಇಬ್ಬರು ಬುಟ್ಟಿ ಹಿಡಿದು ಬೀಸತೊಡಗಿದರು. ಆದರೆ ಕೆರೆಯ ನೀರೇ ಬೆಚ್ಚಗಿತ್ತು. ಪಾಪಯ್ಯನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಅದುರುತ್ತಿದ್ದವು. ಯಾರೋ ಚಳಿಯೆಂದು ಕಂಬಳಿ ತಂದರು, ಅಕ್ಕಯಮ್ಮ ಕಿತ್ತೆಸೆದಳು. ಯಾರೋ ಸಾರಾಯಿ ಬಾಟ್ಲಿ ಚಾಚಿದರು, ಅದನ್ನೂ.

ಆಗ ಅವಳ ಕಣ್ಣು ಲಾರಿಯ ಮೇಲೆ ಹೋಯಿತು. ಹೊಟ್ಟಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳು ಓಡಿದಳು. ಹಿಂದಿನ ಹಲಗೆಗೆ ಕೈಕೊಟ್ಟು ಹತ್ತಿದಳು. ಗೋಣಿತಾಟು ಎಳೆದೆಸೆದಳು. ಕೊಡೆಯ ಕೆಳಗಿದ್ದ ಲಕ್ಷ್ಮೀಪತಿ ಗಾಬರಿಯಾಗಿ ಬಂದ.

"ಏಯ್, ಏಯ್! ಏನಮ್ಮಾ ಅದು? ಮೀನಿಗೆ ಇಟ್ಟ ಐಸು ಕಣಮ್ಮ! ಅದು ಹೋದ್ರೆ ಮಾಲೆಲ್ಲ ಕೊಳೀತದೆ, ಈ ಸೆಕೇಲಿ ಎರಡು ಗಂಟೆ ತಡೆಯಲ್ಲ!"

"ಸತ್ತ ಮೀನು ಎರಡು ಗಂಟೆ ತಡೆಯಲ್ಲ ಅಂತ ಗೊತ್ತು ನಿಂಗೆ!" ಅಕ್ಕಯಮ್ಮ ಲಾರಿಯ ಮೇಲಿಂದ ಕೂಗಿದಳು. "ಬದುಕಿರೋ ಮನ್ಸ ಬೆಳಿಗ್ಗೆಯಿಂದ ಒಣಗಿ ನಿನ್ನ ಬಲೆ ಎಳೀತಾವ್ನೆ, ಅವ್ನು ಎಷ್ಟು ಗಂಟೆ ತಡೀತಾನೆ ಅಂತ ಯಾವತ್ತಾದ್ರೂ ಕೇಳಿದ್ಯಾ? ಮೀನಿಗೆ ಐಸು, ನಮ್ಗೆ ಕರ್ಪೂರ!"

ಐಸು ಒಡೆಯುವ ಉಳಿ ಲಾರಿಯಲ್ಲೇ ಬಿದ್ದಿತ್ತು. ಅವಳು ಎತ್ತಿ ಹೊಡೆದಳು. ಮೊದಲ ಏಟಿಗೆ ದಿಮ್ಮಿ ಬಿರಿಯಿತು, ಎರಡನೆಯದಕ್ಕೆ ಹೋಳಾಯಿತು. ಲಕ್ಷ್ಮೀಪತಿ ಹಲಗೆ ಹಿಡಿದು ನಿಂತ. ಆದರೆ ಚೆಲುವಮ್ಮ ಬುಟ್ಟಿಯೊಂದಿಗೆ ಬಂದಿದ್ದಳು, ಅವಳ ಹಿಂದೆ ಇನ್ನಾರು ಹೆಂಗಸರು, ಅವರ ಹಿಂದೆ ಕೆಸರು ಮೆತ್ತಿಕೊಂಡ ಗಂಡಸರು. ಅವನು ಹಲಗೆ ಬಿಟ್ಟು ಪಕ್ಕಕ್ಕೆ ಸರಿದ. ಮೀನು ತುಂಬಬೇಕಿದ್ದ ಬುಟ್ಟಿಗಳಲ್ಲಿ ಐಸು ತುಂಬಿಕೊಂಡು ಆ ಹೆಂಗಸರು ಏರಿಯಿಳಿದು ಓಡಿದರು.

ಕತ್ತಿನ ಎರಡೂ ಕಡೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಐಸು. ಮೇಲೆ ಕೊಡದಿಂದ ನೀರು, ಬುಟ್ಟಿಯಿಂದ ಗಾಳಿ. ನೂರೊಂದು ಕೊಡ ಆಗಿತ್ತೋ ಇಲ್ಲವೋ ಯಾರೂ ಎಣಿಸಲಿಲ್ಲ. ಅಂಜಿನಮ್ಮ ಮಾತ್ರ ತನ್ನ ಮುದಿಗೈಯಲ್ಲಿ ಸುರಿಯುತ್ತಲೇ ಇದ್ದಳು. ಯಾವನೋ ಚೊಂಬು ಬಾಯಿಗೆ ಹಿಡಿಯಲು ಬಂದಾಗ ಅಕ್ಕಯಮ್ಮ ತಡೆದಳು. "ಈಗ ಬ್ಯಾಡ. ಎಚ್ರ ಆಗ್ಲಿ."

ಲಾರಿಯ ಡ್ರೈವರ್ ವೆಂಕಟಾಚಲ ಯಾರೂ ಹೇಳದೆಯೇ ಇಂಜಿನ್ ಶುರು ಮಾಡಿದ್ದ. "ಏರುಮ್ಮಾ, ಸೀಕ್ರಂ, ಬೇಗ ಏರು! ಆಸ್ಪತ್ರೆಗೆ ಬಿಡ್ತೀನಿ," ಅಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ. ಲಕ್ಷ್ಮೀಪತಿ ಬಾಯಿ ತೆರೆಯುವ ಮುಂಚೆಯೇ ಅವನ ಕಡೆ ತಿರುಗಿ, "ಮೀನು ಅಪ್ಪುರಂ ಸಾರ್, ಆಮೇಲೆ," ಅಂದುಬಿಟ್ಟ.

ಮೀನಿನ ಜಾಗದಲ್ಲಿ, ಒದ್ದೆ ಹೊಟ್ಟಿನ ಮೇಲೆ ಪಾಪಯ್ಯನನ್ನು ಮಲಗಿಸಿಕೊಂಡು ಲಾರಿ ಹೊರಟಿತು. ದಾರಿಯುದ್ದಕ್ಕೂ ಅಕ್ಕಯಮ್ಮ ಐಸು ಬದಲಾಯಿಸುತ್ತ, ಚೆಲುವಮ್ಮ ಬೀಸುತ್ತ ಹೋದರು. ಲಾರಿಯ ಓಟಕ್ಕೆ ಅವತ್ತಿನ ಮೊದಲ ಗಾಳಿ ಬೀಸಿತು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಇಂದ್ರಮ್ಮ ಜ್ವರದ ಕಡ್ಡಿ ನೋಡಿ, ಕಂಕುಳಿನ ಗಂಟು ಬಿಚ್ಚಿ ನೋಡಿ, "ಇದನ್ನ ಯಾರು ಇಟ್ಟಿದ್ದು?" ಅಂದಳು.

ಅಕ್ಕಯಮ್ಮ ಮುಂದೆ ಬಂದಳು. ತಪ್ಪಾಯಿತೇನೋ. "ನಾನೇ ಅಮ್ಮ."

"ಐಸು ಎಲ್ಲಿ ಸಿಕ್ತು ಹಳ್ಳೀಲಿ?"

"ಮೀನಿಂದು."

ಇಂದ್ರಮ್ಮ ನಕ್ಕುಬಿಟ್ಟಳು. "ಅದ್ಕೇ ಇಷ್ಟು ನಾತ! ಇರ್ಲಿ ಬಿಡಿ, ನಾತ ಹೋಗ್ತದೆ. ಜೀವ ಉಳೀತು."

ಗ್ಲೂಕೋಸ್ ಬಾಟ್ಲಿ ಏರಿಸಿದರು. ಸಂಜೆ ಪಾಪಯ್ಯ ಕಣ್ಣು ಬಿಟ್ಟು, ಹೆಂಡತಿಯ ಗುರುತು ಹಿಡಿದು, "ಮೊದ್ಲ ಮೀನು ಇಟ್ರಾ?" ಎಂದು ಕೇಳಿದ. ಅಕ್ಕಯಮ್ಮ ಮೂಲೆಗೆ ಹೋಗಿ ಗೋಡೆಗೆ ಮುಖಮಾಡಿ ಅತ್ತಳು. ತಮ್ಮ ಸತ್ತಾಗ ತಾಯಿ ಕರೆದಳೆಂದು ಯಾರೂ ಅವಳನ್ನು ಅಳಗೊಟ್ಟಿರಲಿಲ್ಲ. ಆ ಅಳುವೂ ಇದರಲ್ಲೇ ಬಂತು.

ಹದಿನೈದು ದಿನ ಕಳೆಯಿತು. ಮಳೆ ಬರಲಿಲ್ಲ. ಅವತ್ತು ಬಿಟ್ಟುಬಂದ ಬಲೆಯಿಂದ ಮೀನೆಲ್ಲ ತಪ್ಪಿಸಿಕೊಂಡು ಕೆರೆಯಲ್ಲೇ ಇದ್ದವು. ಲಕ್ಷ್ಮೀಪತಿ ಮತ್ತೆ ಬಂದ. ಏರಿಯ ಮೇಲೆ ಕೇರಿಯವರೆಲ್ಲ ಸೇರಿದರು. ಶ್ಯಾಮಣ್ಣ ರಜೆ ಹಾಕಿ ಬಂದಿದ್ದ.

"ನಾನೂ ಮನುಷ್ಯ," ಅಂದ ಲಕ್ಷ್ಮೀಪತಿ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. "ಪಾಪಯ್ಯನಿಗೆ ಆಗಿದ್ದು ನನಗೂ ನೋವೇ. ಆದ್ರೆ ನೀರು ಕುಡೀಬ್ಯಾಡಿ ಅಂತ ನಾನು ಹೇಳಿದ್ನಾ? ಅದು ನಿಮ್ಮ ಕಟ್ಟು. ಮಧ್ಯಾಹ್ನ ಹಿಡೀದೆ ಬೆಳಿಗ್ಗೆ ಹಿಡಿದ್ರೆ ಮೀನು ಹಗಲೆಲ್ಲ ಲಾರೀಲಿ ಕೊಳೀತದೆ. ನಾನೇನ್ ಮಾಡ್ಲಿ, ನೀವೇ ಹೇಳಿ."

"ಕಟ್ಟು ನಮ್ದು, ಒಪ್ತೀವಿ," ಅಂದಳು ಅಕ್ಕಯಮ್ಮ. "ಹೊತ್ತು ಯಾರ್ದು ಕಂಟ್ರಾಕ್ಟ್ರೇ?"

 ಗುಡಿಯ ಮೆಟ್ಟಿಲ ಮೇಲಿದ್ದ ಅಂಜಿನಮ್ಮ ಕೋಲೂರಿ ಎದ್ದಳು.

"ನಾನು ಮದ್ವೆಯಾಗಿ ಈ ಊರಿಗೆ ಬಂದಾಗ," ಅಂದಳು, "ಚುಕ್ಕಿ ಮುಳುಗೋ ಮುಂಚೆ ಕೆರೆಗಿಳೀತಿದ್ರು. ಬೆಳಗಿನ ಜಾವ ಮೀನು ಉಸ್ರಿಗೆ ಮೇಲಕ್ಕೆ ಬತ್ತದೆ. ಬೀಸುಬಲೆ ಎರಡ್ಸಲ ಬೀಸಿದ್ರೆ ಮೊದ್ಲ ಮೀನು ಬಿತ್ತು. ಹೊತ್ತು ಹುಟ್ಟೋದ್ರೊಳ್ಗೆ ಎಲೆ ಮೇಲೆ ಇಟ್ಟಾಯ್ತು, ಎಲ್ರೂ ಅಂಬ್ಲಿ ಕುಡುದ್ರು. ಆ ಕಟ್ಟು ಒಂದು ಗಳಿಗೇದು ಕಣ್ರಪ್ಪ. ನೀವು ಹೊತ್ತು ಬದ್ಲಾಯ್ಸಿದ್ರಿ, ಬಲೆ ಬದ್ಲಾಯ್ಸಿದ್ರಿ. ಕಟ್ಟು ಮಾತ್ರ ಹಂಗೇ ಇಟ್ಕಂಡ್ರಿ. ಗಳಿಗೇದು ದಿನಪೂರ್ತಿ ಆಯ್ತು. ನಾನೂ ದೀಪ ಹಚ್ಕಂಡು ಕೂತಿದ್ದೆ, ನಂಗೂ ಹೊಳೀಲಿಲ್ಲ. ಲಕ್ಷ್ಮಣ ಹೋದಾಗ್ಲೇ ಹೊಳೀಬೇಕಿತ್ತು."

 ಆಮೇಲೆ ಪಾಪಯ್ಯ, ಇನ್ನೂ ಬಡಕಲಾಗಿದ್ದವನು, ನಿಧಾನವಾಗಿ ಹೇಳಿದ: "ಬೆಳಗಿನ ಜಾವ ಹಿಡ್ದು, ಬಲೇನ ತೂಬಿನ ಮಡುವಿಗೆ ಎಳ್ದು ಗೂಟ ಹೊಡೆದ್ರೆ ಮೀನು ಜೀವಂತ ಇರ್ತದೆ. ಅಲ್ಲಿ ನೀರು ಆಳ, ತಂಪು. ಸಂಜೆ ಲಾರಿ ಬಂದಾಗ ಅರ್ಧ ಗಂಟೇಲಿ ಮೊಗೆದು ತುಂಬ್ಬೌದು. ನಮ್ಮಪ್ಪ ಹಂಗೇ ಮಾಡೋನು."

"ಮೂರು ವರ್ಷದಿಂದ ಯಾಕಯ್ಯಾ ಹೇಳ್ಲಿಲ್ಲ ಇದನ್ನ?" ಅಂದ ಲಕ್ಷ್ಮೀಪತಿ.

"ನೀವ್ ಕೇಳ್ಲಿಲ್ಲ. ಲಾರಿ ಟೈಮ್ ಹೇಳಿದ್ರಿ."

"ಇನ್ನೂ ಐತೆ," ಅಂದ ಶ್ಯಾಮಣ್ಣ. ಹೊತ್ತು ಏರಿದ ಮೇಲೆ ಯಾರೂ ನೀರಿನಲ್ಲಿ ಇರುವುದಿಲ್ಲ. ಹೆಂಗಸರು ಉಪ್ಪು ಹಾಕಿದ ಮಜ್ಜಿಗೆ, ನೀರು ಹಿಡಿದು ದಡದಲ್ಲಿ ಇರುತ್ತಾರೆ. ಹಗ್ಗ ಎಳೆಯುವವರು ನಡುನಡುವೆ ನಿಂತು ಕುಡಿಯುತ್ತಾರೆ. ಎಳೆಯುವಾಗ ಒಬ್ಬೊಬ್ಬರೂ ಪಕ್ಕದವನಿಗೆ ಸೆಕೆ ಹೊಡೆಯುತ್ತಿದೆಯೇ ಎಂದು ಅವನ ಮುಖ ನೋಡುತ್ತಿರಬೇಕು. ಇದಕ್ಕೆ ಒಪ್ಪದಿದ್ದರೆ ಗುತ್ತಿಗೆದಾರ ಬೇರೆ ಊರಿನವರನ್ನು ನೋಡಿಕೊಳ್ಳಬಹುದು.

"ನೋಡ್ಕಳ್ಲಿ," ಅಂದಳು ಚೆಲುವಮ್ಮ. "ಈ ಕೆಸರಿನ ಆಳ ಬೇರೆಯೋರ ಕಾಲಿಗೆ ಗೊತ್ತಾಗೋ ಹೊತ್ಗೆ ಮಳೆಗಾಲ ಬಂದಿರ್ತದೆ."

ಜನ ನಕ್ಕರು. ಲಕ್ಷ್ಮೀಪತಿ ಎಲ್ಲರ ಮುಖ ನೋಡಿದ. ಒಪ್ಪಿದ.

ಪಾಪಯ್ಯ ಮಾತ್ರ ತಲೆ ಅಲ್ಲಾಡಿಸಿದ. "ಹೊತ್ತಿನ ಮಾತು ಸರಿ. ಮೊದ್ಲ ಮೀನಿಗೆ ಮುಂಚೆ ಕುಡಿಯೋದು ಆಗಲ್ಲ. ಒಂದ್ಸಲ ನನ್ನಿಂದ ಬಲೆ ಕೈಬಿಡ್ತು. ಇನ್ನೊಂದ್ಸಲ ಬ್ಯಾಡ. ಒಂದು ಗಳಿಗೇದು ತಾನೇ, ತಡೀತೀನಿ." ಅವನ ಹಿಂದೆ ನಿಂತ ಗಂಡಸರೂ ತಲೆ ತಗ್ಗಿಸಿದರು. ಯಜಮಾನ ಕುಡಿಯದೆ ಅವರು ಹೇಗೆ ಕುಡಿದಾರು?  ಗೆದ್ದದ್ದೆಲ್ಲ ಈ ಒಂದು ಸಂದಿಯಲ್ಲಿ ಸೋರಿಹೋದೀತೆಂದು ಅಕ್ಕಯಮ್ಮನಿಗೆ ಗೊತ್ತಿತ್ತು.

ಶುಕ್ರವಾರ ಚುಕ್ಕಿಯಿರುವಾಗಲೇ ಇಳಿದರು. ಪಾಪಯ್ಯ ಬೀಸುಬಲೆ ಬೀಸಿದ. ಬರಿಗೈ. ಮತ್ತೆ ಬೀಸಿದ. ಎರಡು ಏಡಿ, ಒಂದು ಹಳೆಯ ಚಪ್ಪಲಿ. ಮೂರನೆಯ ಸಲವೂ ನೀರೇ ಬಂತು. ಮೀನೆಲ್ಲ ನಡುಕೆರೆಗೆ ಸರಿದಿತ್ತು. ಎಳೆಬಲೆಯನ್ನೇ ಹಾಕಬೇಕಾಯಿತು. ಪೂರ್ವ ಕೆಂಪಾಯಿತು, ಬಿಳಿಯಾಯಿತು. ಮೋಡದ ಹಿಂದಿನಿಂದ ಸೂರ್ಯ ಒಂದಾಳು ಮೇಲೆ ಬಂದ. ಗಾಳಿ ಬಿದ್ದುಹೋಯಿತು. ಬಲೆ ಇನ್ನೂ ಅರ್ಧದಲ್ಲಿತ್ತು, ಮೊದಲ ಮೀನಿನ ಸುಳಿವಿಲ್ಲ. ಪಾಪಯ್ಯನ ಮುಖ ಕೆಂಪೇರಿತು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುವುದು ದಡದಿಂದಲೇ ಕಾಣುತ್ತಿತ್ತು. ಮಜ್ಜಿಗೆಯ ಕೊಡಗಳು ಏರಿಯ ಮೇಲೆ ತುಂಬಿಯೇ ಇದ್ದವು.

ಅಕ್ಕಯಮ್ಮ ಚೊಂಬಿಗೆ ಕೈ ಹಾಕಿದಳು. ಅಷ್ಟರಲ್ಲಿ ಅವಳ ಕೈಯಿಂದ ಅದನ್ನು ಅಂಜಿನಮ್ಮ ತೆಗೆದುಕೊಂಡಳು.

ಎಪ್ಪತ್ತು ದಾಟಿದ ಆ ಮುದುಕಿ, ಕೆರೆಯಮ್ಮನ ದೀಪ ನೋಡಿಕೊಂಡು ಏರಿಯ ಮೇಲೇ ಇರುವವಳು, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕೆಸರಿನಲ್ಲಿ ಕೋಲೂರಿಕೊಂಡು, ಚೊಂಬನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು, ಪಾಪಯ್ಯನ ಹತ್ತಿರ ಹೋಗಿ ನಿಂತಳು. ಇಪ್ಪತ್ತೆರಡು ಜನರೂ ನೋಡುತ್ತಿದ್ದರು.

"ಎಲೆ ಹಾಸಿರೋಳು ನಾನು," ಅಂದಳು. "ಮೀನು ಯಾವಾಗ ಬಂದ್ರೂ ಇಡ್ತೀನಿ. ಕುಡಿ."

ಪಾಪಯ್ಯ ಅವಳನ್ನು ನೋಡಿದ. ಏರಿಯ ಮೇಲೆ ನಿಂತ ಹೆಂಡತಿಯನ್ನು ನೋಡಿದ. ಅವಳು ಕರೆಯಲಿಲ್ಲ, ಕೈಮುಗಿಯಲಿಲ್ಲ, ಸುಮ್ಮನೆ ನಿಂತಿದ್ದಳು. ಪಕ್ಕದಲ್ಲಿ ಹಗ್ಗ ಹಿಡಿದವನ ಕಾಲು ನಡುಗುತ್ತಿದ್ದುದು ಪಾಪಯ್ಯನ ಕಣ್ಣಿಗೆ ಬಿತ್ತು. ಅವನು ಎಷ್ಟು ಹೊತ್ತಿನಿಂದ ಹೀಗೆ ನಡುಗುತ್ತಿದ್ದನೋ, ತಾನು ನೋಡಿರಲಿಲ್ಲ.

"ನಿಲ್ಸ್ರಲಾ!" ಅಂದ.

ಹಗ್ಗ ಸಡಿಲಾಯಿತು. ಬಲೆ ನೀರಿನಲ್ಲೇ ನಿಂತಿತು. ಪಾಪಯ್ಯ ಚೊಂಬು ಎತ್ತಿ ಗಟಗಟನೆ ಕುಡಿದ. ಗಂಟಲು ಏರಿಳಿಯುವುದನ್ನು ಇಡೀ ಕೇರಿ ನೋಡಿತು. ಅರ್ಧ ಕುಡಿದು ಪಕ್ಕದವನ ಕೈಗೆ ಕೊಟ್ಟ. ಹೆಂಗಸರಿಗೆ ಅಷ್ಟೇ ಬೇಕಿತ್ತು. ಕೊಡ ಹೊತ್ತು ಎಲ್ಲರೂ ನೀರಿಗಿಳಿದರು. ಇಪ್ಪತ್ತೆರಡು ಜನ ನಡುಕೆರೆಯಲ್ಲಿ ನಿಂತು ಮಜ್ಜಿಗೆ ಕುಡಿದರು, ಮುಖಕ್ಕೆ ನೀರು ಎರಚಿಕೊಂಡರು, ಒಬ್ಬರನ್ನೊಬ್ಬರು ಬೈದುಕೊಂಡು ನಕ್ಕರು. ದಡದಲ್ಲಿ ಲಕ್ಷ್ಮೀಪತಿ ಗಡಿಯಾರ ನೋಡಿಕೊಂಡ. ಅವನನ್ನು ಯಾರೂ ನೋಡಲಿಲ್ಲ.

ಬಲೆಯ ನಡುವೆ ಒಂದು ಹೆಮ್ಮೀನು ಆಳುದ್ದ ಹಾರಿ ಮತ್ತೆ ಬಲೆಯೊಳಗೇ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ನೀರೆಲ್ಲ ಬೆಳ್ಳಿಯಂತೆ ಕುದಿಯತೊಡಗಿತು.

ಪಾಪಯ್ಯ ಮೀಸೆ ಒರೆಸಿಕೊಂಡ. ಹಗ್ಗಕ್ಕೆ ಕೈ ಹಾಕುವ ಮುಂಚೆ ಏರಿಯ ಕಡೆ ತಿರುಗಿ ಕೂಗಿದ:

"ಅಕ್ಕಯ್ಯಾ, ಇನ್ನೊಂದು ಚೊಂಬು ತತ್ತಾ! ಬಾಯಿ ಒದ್ದೆ ಇದ್ರೇನೇ ಕೂಗಕ್ಕೆ ದನಿ ಬರೋದು!"